ಒಂದೇ ಮನೆಯ ರಕ್ತ

ಸೋಮವಾರ ಬೆಳಿಗ್ಗೆ ಭೋಸರಿಯಿಂದ ಬಂದ ಐಸ್ ಡಬ್ಬಿಯಲ್ಲಿ ರಕ್ತದ ನಳಿಕೆಗಳು ಹದಿನೆಂಟಿದ್ದವು, ಫಾರ್ಮುಗಳು ಹದಿನೇಳೇ. ಸುಮಂಗಲಾ ಮೂರು ಸಲ ಎಣಿಸಿದಳು. ನಾಲ್ಕನೆಯ ಸಲ ಎಣಿಸುವ ಮೊದಲು ಡಬ್ಬಿಯನ್ನು ಬೋರಲು ಹಾಕಿ ಕೊಡವಿದಾಗ, ಐಸ್ ಪ್ಯಾಕಿನ ತಳಕ್ಕೆ ಅಂಟಿಕೊಂಡಿದ್ದ ಹದಿನೆಂಟನೆಯ ಫಾರ್ಮು ತೊಯ್ದ ಹಪ್ಪಳದಂತೆ ಕಳಚಿ ಬಿತ್ತು. ಶಾಯಿ ಹರಡಿ ಹೆಸರು ಯಾವುದು, ಊರು ಯಾವುದು ತಿಳಿಯದಾಗಿತ್ತು.

"ಇದನ್ನ ಓದೋದಕ್ಕೆ ಜ್ಯೋತಿಷಿಯನ್ನ ಕರೆಸಬೇಕು" ಎಂದು ಅವಳು ಮರಾಠಿಯಲ್ಲಿ ಗೊಣಗಿದಳು. ಎದುರಿನ ಕಂಪ್ಯೂಟರಿನ ಮುಂದೆ ಕೂತಿದ್ದ ವಿಕ್ರಮ ತಲೆ ಎತ್ತಲಿಲ್ಲ. ವರದಿಗಳನ್ನು ಸರ್ಕಾರದ ಪೋರ್ಟಲ್ಲಿಗೆ ಏರಿಸುವವನು ಅವನು. ಸುಮಂಗಲಾಳ ಗೊಣಗಾಟ ಅವನಿಗೆ ಗೋಡೆಯ ಫ್ಯಾನಿನ ಸದ್ದಿನ ಹಾಗೆ, ನಿಂತರೆ ಮಾತ್ರ ಗಮನಕ್ಕೆ ಬರುತ್ತಿತ್ತು.

ಮರಾಠಿ ಸೀಮೆಯ ದೊಡ್ಡ ಶಹರವೊಂದರ ಶಿವಾಜಿನಗರದಲ್ಲಿದ್ದ ಈ ಪ್ರಯೋಗಾಲಯದಲ್ಲಿ ಸುಮಂಗಲಾ ಟೆಕ್ನಿಶಿಯನ್ ಆಗಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ರೋಗಿಗಳ ರಕ್ತದಲ್ಲಿ ಡೆಂಗಿ ಇದೆಯೋ, ಚಿಕುನ್‌ಗುನ್ಯಾ ಇದೆಯೋ, ಈಚೆಗೆ ಝೀಕಾ ಇದೆಯೋ ಎಂದು ಹುಡುಕಿ ಹೇಳುವುದು ಕೆಲಸ. ಯಂತ್ರಗಳು ಅವಳಿಗೆ ಎಂದೂ ತಲೆನೋವು ತಂದಿರಲಿಲ್ಲ. ತಲೆನೋವೆಲ್ಲ ಕಾಗದಗಳದ್ದು, ಮನುಷ್ಯರದ್ದು. ಫಾರ್ಮಿನಲ್ಲಿ ಜ್ವರ ಯಾವತ್ತು ಬಂತು ಎಂದು ಬರೆಯಲು ಒಂದು ಜಾಗವಿದೆ. ಮೊದಲ ನಾಲ್ಕೈದು ದಿನವಾದರೆ ವೈರಸ್ಸು ರಕ್ತದಲ್ಲೇ ಸಿಗುತ್ತದೆ. ಆಮೇಲೆ ಅದು ಜಾರಿಕೊಳ್ಳುತ್ತದೆ, ಅದರ ವಿರುದ್ಧ ದೇಹ ಕಟ್ಟಿದ ಪ್ರತಿಕಾಯಗಳನ್ನು ಹುಡುಕಬೇಕಾಗುತ್ತದೆ. ದಿನ ಗೊತ್ತಿಲ್ಲದೆ ಪರೀಕ್ಷೆ ಮಾಡುವುದೆಂದರೆ ಹೊರಟುಹೋದ ಬಸ್ಸನ್ನು ನಿಲ್ದಾಣದಲ್ಲಿ ಹುಡುಕಿದಂತೆ. ಇದನ್ನು ಅವಳು ಮೂರು ತರಬೇತಿ ಶಿಬಿರಗಳಲ್ಲಿ ಹೇಳಿದ್ದಳು. ದಪ್ಪ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಎಲ್ಲ ಆರೋಗ್ಯ ಕೇಂದ್ರಗಳಿಗೂ ಕಳಿಸಿದ್ದಳು. ಆ ಜಾಗ ಮಾತ್ರ ಇಂದಿಗೂ ಖಾಲಿಯೇ ಬರುತ್ತಿತ್ತು. ಒಮ್ಮೆ ಯಾರೋ ಅಲ್ಲಿ "ಹೌದು" ಎಂದು ಬರೆದು ಕಳಿಸಿದ್ದರು.

ಈ ಸಲದ ಹದಿನೆಂಟು ನಳಿಕೆಗಳಲ್ಲಿ ಜ್ವರದ ಪ್ರಶ್ನೆಯೇ ಇರಲಿಲ್ಲ. ಭೋಸರಿಯಲ್ಲಿ ಒಬ್ಬರಿಗೆ ಝೀಕಾ ಇರುವುದು ಖಚಿತವಾದದ್ದರಿಂದ ಸುತ್ತಲಿನ ಗರ್ಭಿಣಿಯರ ರಕ್ತವನ್ನೆಲ್ಲ ಶುಕ್ರವಾರ ತೆಗೆದುಕೊಂಡಿದ್ದರು. ಝೀಕಾ ದೊಡ್ಡವರಿಗೆ ಎರಡು ದಿನದ ಮೈಕೈ ನೋವು, ತುರಿಕೆ, ಅಷ್ಟೇ. ಹೊಟ್ಟೆಯೊಳಗಿನ ಕೂಸಿಗೆ ಮಾತ್ರ ಅದು ಕೆಟ್ಟದ್ದು. ಮಿದುಳು ಬೆಳೆಯದೆ, ತಲೆ ಸಣ್ಣದಾಗಿ ಹುಟ್ಟುವ ಭಯವಿರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅವಳು ನಳಿಕೆಗಳನ್ನು ತಿರುಗುಯಂತ್ರದಲ್ಲಿಟ್ಟು ಸೀರಮ್ ಬೇರೆ ಮಾಡಿ, ಅದರಿಂದ ವೈರಸ್ಸಿನ ಆರ್‌ಎನ್‌ಎ ಹಿಂಡಿ, ಪಿಸಿಆರ್ ಯಂತ್ರಕ್ಕೆ ಹಾಕಿದಳು. ಮಾದರಿಯಲ್ಲಿ ವೈರಸ್ಸು ಎಳ್ಳಷ್ಟಿದ್ದರೂ ಯಂತ್ರ ಅದನ್ನು ಸುತ್ತಿನಿಂದ ಸುತ್ತಿಗೆ ಇಮ್ಮಡಿ ಮಾಡುತ್ತಾ ಹೋಗುತ್ತದೆ; ಸಾಕಷ್ಟಾದಾಗ ಪರದೆಯ ಮೇಲೆ ಒಂದು ಗೆರೆ ಮೇಲೇಳುತ್ತದೆ. ಹದಿನೇಳು ಗೆರೆಗಳು ನಲವತ್ತು ಸುತ್ತಿನವರೆಗೂ ನೆಲ ಬಿಟ್ಟು ಏಳಲಿಲ್ಲ. ಹನ್ನೊಂದನೆಯದು ಮೂವತ್ತೊಂದನೆಯ ಸುತ್ತಿಗೆ ಎದ್ದು ನಿಂತಿತು. ಅದು ಝೀಕಾದ ಗೆರೆ.

ಫಾರ್ಮು ತೆಗೆದು ನೋಡಿದಳು. ಶೀತಲ ಬಾಬು, ಇಪ್ಪತ್ತಮೂರು ವರ್ಷ, ಐದು ತಿಂಗಳ ಗರ್ಭಿಣಿ. ಲಕ್ಷಣಗಳು: ಇಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ನೀಲಿಮಾ ಬಂದು ಪರದೆ ನೋಡಿದರು, ಯಂತ್ರ ಸರಿಯಿದೆಯೇ ಎಂದು ತಿಳಿಯಲು ಜೊತೆಗೆ ಓಡಿಸಿದ್ದ ಮಾದರಿಗಳನ್ನೂ ನೋಡಿದರು. ಎಲ್ಲ ಸರಿಯಿತ್ತು. "ಲಕ್ಷಣ ಇಲ್ಲದೆಯೂ ಬರುತ್ತದೆ. ವರದಿ ಕಳಿಸು" ಎಂದರು. ವಿಕ್ರಮ ಬಟನ್ ಒತ್ತಿದ. ಸಂಜೆ ಐದೂವರೆಗೆ ಸುಮಂಗಲಾ ಮನೆಗೆ ಹೋಗುವ ಬಸ್ಸು ಹಿಡಿದಾಗ, ಆ ಹೆಸರು ಆಗಲೇ ಎಷ್ಟು ಫೋನುಗಳಲ್ಲಿ ಓಡಾಡುತ್ತಿತ್ತೋ ಅವಳಿಗೆ ಗೊತ್ತಿರಲಿಲ್ಲ.

ಬುಧವಾರ ಅದೇ ಹೆಂಗಸಿನ ಎರಡನೆಯ ಮಾದರಿ ಬಂತು. ಈ ಸಲ ಅವಳನ್ನು ಆರೋಗ್ಯ ಕೇಂದ್ರಕ್ಕೇ ಕರೆಸಿ ರಕ್ತವನ್ನೂ ಮೂತ್ರವನ್ನೂ ತೆಗೆದುಕೊಂಡಿದ್ದರು. ಗುರುವಾರ ಬೆಳಿಗ್ಗೆ ನೋಡಿದರೆ ಎರಡೂ ಗೆರೆಗಳು ಸಪಾಟಾಗಿದ್ದವು.

"ರಕ್ತದಿಂದ ಹೋಗಿರಬಹುದು" ಎಂದರು ನೀಲಿಮಾ.

"ಹೋಗಲಿ ಮ್ಯಾಡಮ್. ಮೂತ್ರದಲ್ಲಿ? ಅದರಲ್ಲಿ ಎರಡು ವಾರ ಆದರೂ ಇರುತ್ತದಲ್ಲ?"

"ಸಾಮಾನ್ಯವಾಗಿ ಇರುತ್ತದೆ. ಎಲ್ಲರಲ್ಲೂ ಇರಲೇಬೇಕು ಅಂತ ಇಲ್ಲ. ಒಮ್ಮೆ ಪಾಸಿಟಿವ್ ಅಂದರೆ ಪಾಸಿಟಿವ್, ಸುಮಂಗಲಾ. ನಿಯಮ ನಾನು ಬರೆದದ್ದಲ್ಲ."

ಹೆಚ್ಚು ಮಾತಾಡಲು ಆಗಲಿಲ್ಲ. ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಳ್ಳತೊಡಗಿತು. ವರದಿಯ ಕೆಳಗೆ ಪ್ರಯೋಗಾಲಯದ ನಂಬರು ಅಚ್ಚಾಗಿರುತ್ತದೆ. ಅದನ್ನು ಅಲ್ಲಿ ಹಾಕಬೇಡಿ ಎಂದು ಸುಮಂಗಲಾ ಎರಡು ವರ್ಷದಿಂದ ಹೇಳುತ್ತಿದ್ದಳು.

"ಮ್ಯಾಡಮ್, ತೆ ರಿಪೋರ್ಟ್..." ಗಂಡಸಿನ ದನಿ. ಮರಾಠಿ ಎರಡು ಹೆಜ್ಜೆ ಹಾಕಿ ಎಡವುತ್ತಿತ್ತು. ಅವನ ಹಿಂದೆ ಯಾರೋ ಹೆಣ್ಣುಮಗಳು, "ಕೂಸಿಗಿ ಏನಾಗ್ತದ ಕೇಳೋ, ಅದನ್ನ ಮೊದಲ ಕೇಳೋ" ಎನ್ನುತ್ತಿದ್ದಳು.

"ಕನ್ನಡದಾಗ ಮಾತಾಡ್ರಿ" ಎಂದಳು ಸುಮಂಗಲಾ.

ಆ ಕಡೆಯಿಂದ ಕಟ್ಟೆ ಒಡೆದಂತೆ ಮಾತು ಬಂತು. ಅವನ ಹೆಸರು ಬಾಬು. ಊರು ಯಾದಗಿರಿ ಕಡೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ. ಇವತ್ತು ವಾರದ ರಜೆ, ಅದಕ್ಕೇ ಫೋನು ಮಾಡಲು ಆಗಿತ್ತು. ಸೋಮವಾರ ರಾತ್ರಿಯೇ ವರದಿ ಓಣಿಯವರ ವಾಟ್ಸಾಪಿನಲ್ಲಿ ಬಂದಿತ್ತು. ಮಂಗಳವಾರ ಹೊಗೆ ಹಾಕುವವರು ಇವರ ಖೋಲಿಯ ಮುಂದೆಯೇ ನಿಂತು ಹೊಗೆ ಬಿಟ್ಟರು. ಅಂದಿನಿಂದ ನಳದ ಹತ್ತಿರ ಇವರ ಕೊಡ ಬಂದರೆ ಮಂದಿ ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು.

"ಅಕ್ಕಾರ, ಇದು ಸೊಳ್ಳಿಯಿಂದ ಬರ್ತದ ಅಂತೀರಿ. ಮಂದಿ ನಮ್ಮಿಂದ ಬರ್ತದ ಅಂತಾರ. ಇಲ್ಲೊಬ್ರು ಡಾಕ್ಟರ್ ಅದಾರ, ತೋರ್ಸಿದ್ವಿ. ಐದು ತಿಂಗಳಾತು, ಇನ್ನ ತಡಾ ಮಾಡಬ್ಯಾಡ್ರಿ, ತೆಗಿಸಿಬಿಡ್ರಿ ಅಂದ್ರು. ಶನಿವಾರ ಮುಂಜಾನಿ ಬಾ ಅಂದಾರ. ನಿನ್ನಿ ಮತ್ತ ರಗತ ತಗೊಂಡಾರ, ಅದರಾಗೇನು ಬಂತ್ರಿ?"

ಫೋನಿನಲ್ಲಿ ಫಲಿತಾಂಶ ಹೇಳುವ ಹಾಗಿರಲಿಲ್ಲ. ಅದೂ ನಿಯಮ. ಓಣಿಯ ವಾಟ್ಸಾಪಿಗೆ ಹೋಗಬಹುದು, ಗಂಡನಿಗೆ ಹೇಳಬಾರದು. ಸುಮಂಗಲಾಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು.

"ಯಾರು ಆ ಡಾಕ್ಟರ್? ಸ್ಕ್ಯಾನ್ ಮಾಡ್ಯಾರೇನು?"

"ಇಲ್ರಿ. ರಿಪೋರ್ಟ್ ನೋಡಿ ಹೇಳಿದ್ರು."

"ಶನಿವಾರ ಹೋಗಬ್ಯಾಡ್ರಿ. ನಾ ನಾಳೆ ಫೋನ್ ಮಾಡ್ತೀನಿ. ಅಲ್ಲೀ ತನಕ ಎಲ್ಲೂ ಹೋಗಬ್ಯಾಡ್ರಿ, ತಿಳೀತಿಲ್ಲ?"

ಫೋನು ಇಟ್ಟ ಮೇಲೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನಾಳೆ ಏನು ಹೇಳುವುದು? ಪಾಸಿಟಿವ್ ಎಂದು ಬರೆದು ಕಳಿಸಿದವಳು ತಾನೇ. ಪಿಸಿಆರ್ ತಟ್ಟೆಯಲ್ಲಿ ಹನ್ನೊಂದನೆಯ ಕುಳಿಗೆ ಪಕ್ಕದ ಕುಳಿಯಿಂದ ಏನಾದರೂ ಸಿಡಿದಿತ್ತೆ? ಆದರೆ ಪಕ್ಕದಲ್ಲಿ ಪಾಸಿಟಿವ್ ಯಾವುದೂ ಇರಲೇ ಇಲ್ಲ. ಆದರೂ ಫ್ರಿಜ್ಜಿನಿಂದ ಮೊದಲ ನಳಿಕೆಯ ಉಳಿದ ಸೀರಮ್ ತೆಗೆದು, ಎಲ್ಲವನ್ನೂ ಹೊಸದಾಗಿ ಮಾಡಿದಳು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿಯೇ ಉಳಿಯಿತು. ಮೂರೂವರೆಗೆ ಗೆರೆ ಮತ್ತೆ ಎದ್ದಿತು, ಅದೇ ಮೂವತ್ತೊಂದನೆಯ ಸುತ್ತಿಗೆ.

ಹಾಗಾದರೆ ಯಂತ್ರದ ತಪ್ಪಲ್ಲ, ತನ್ನ ಕೈಯ ತಪ್ಪಲ್ಲ. ಈ ನಳಿಕೆಯೊಳಗಿನ ರಕ್ತದಲ್ಲಿ ವೈರಸ್ಸು ನಿಜವಾಗಿಯೂ ಇತ್ತು. ಬುಧವಾರದ ನಳಿಕೆಯಲ್ಲಿ ನಿಜವಾಗಿಯೂ ಇರಲಿಲ್ಲ. ಎರಡರ ಮೇಲೂ ಒಂದೇ ಹೆಸರು.

ಎರಡೂ ನಳಿಕೆಗಳನ್ನು ಎದುರಿಗಿಟ್ಟುಕೊಂಡು ಕೂತಳು. ಹೆಸರು ಬರೆಯುವವರು ಮನುಷ್ಯರು. ಹೆಸರನ್ನು ನಂಬುವ ಹಾಗಿಲ್ಲ. ರಕ್ತ ತನ್ನ ಬಗ್ಗೆ ತಾನೇ ಏನಾದರೂ ಹೇಳಬಲ್ಲದೆ? ಶೀತಲ ಬಾಬುವಿನ ರಕ್ತದಲ್ಲಿ ಇರಲೇಬೇಕಾದದ್ದು ಏನು?

ಉತ್ತರ ಹೊಳೆದಾಗ ಅವಳಿಗೆ ಖುಷಿಯಾಗಲಿಲ್ಲ, ಇಷ್ಟು ಸರಳವಾದದ್ದು ಬೆಳಿಗ್ಗೆಯೇ ಏಕೆ ಹೊಳೆಯಲಿಲ್ಲ ಎಂದು ಕಿರಿಕಿರಿಯಾಯಿತು. ಬಾಗಿಲಾಚೆಯ ಮೆಡಿಕಲ್ ಅಂಗಡಿಗೆ ಹೋಗಿ ನಾಲ್ಕು ಗರ್ಭಪರೀಕ್ಷೆಯ ಕಾರ್ಡು ಕೇಳಿದಳು. ಅಂಗಡಿಯವನು ಅವಳ ನರೆತ ಕೂದಲು ನೋಡಿದ, ನಾಲ್ಕೇ ಎಂದು ಇನ್ನೊಮ್ಮೆ ಕೇಳಿದ, ಕಾರ್ಡುಗಳನ್ನು ವರ್ತಮಾನ ಪತ್ರಿಕೆಯಲ್ಲಿ ಸುತ್ತಿ, ಅದನ್ನು ಕಪ್ಪು ಚೀಲದಲ್ಲಿ ಹಾಕಿ, ಅತ್ತಿತ್ತ ನೋಡಿ ಕೊಟ್ಟ. ಸುಮಂಗಲಾಳಿಗೆ ಅವನಿಗೆ ಉತ್ತರ ಕೊಡುವಷ್ಟೂ ವ್ಯವಧಾನವಿರಲಿಲ್ಲ.

ಈ ಕಾರ್ಡು ಮೂತ್ರಕ್ಕೆಂದು ಮಾಡಿದ್ದಾದರೂ ಸೀರಮ್ಮಿನಲ್ಲೂ ಕೆಲಸ ಮಾಡುತ್ತದೆ. ಹೊಟ್ಟೆಯಲ್ಲಿ ಕೂಸಿದ್ದರೆ ಎರಡು ಗೆರೆ, ಇಲ್ಲದಿದ್ದರೆ ಒಂದು. ಬುಧವಾರದ ರಕ್ತದ ಮೂರು ಹನಿ ಬಿಟ್ಟಳು. ಎರಡು ಗೆರೆ ಮೂಡಿದವು. ಶುಕ್ರವಾರದ ರಕ್ತದ ಮೂರು ಹನಿ ಬಿಟ್ಟಳು. ಗಡಿಯಾರ ನೋಡುತ್ತ ಐದು ನಿಮಿಷ, ಹತ್ತು ನಿಮಿಷ ಕಾದಳು. ಒಂದೇ ಗೆರೆ.

ಕೆಲವೊಮ್ಮೆ ಬಸುರಿನ ಹಾರ್ಮೋನು ವಿಪರೀತ ಹೆಚ್ಚಿದ್ದರೂ ಎರಡನೆಯ ಗೆರೆ ಮೂಡದೆ ಕಾರ್ಡು ಮೋಸ ಹೋಗುತ್ತದೆ. ಆದ್ದರಿಂದ ಸೀರಮ್ಮನ್ನು ನೂರು ಪಟ್ಟು ತೆಳುವಾಗಿಸಿ ಇನ್ನೊಮ್ಮೆ ನೋಡಿದಳು. ಆಗಲೂ ಒಂದೇ ಗೆರೆ.

ಕಾರ್ಡುಗಳನ್ನು ತಟ್ಟೆಯಲ್ಲಿಟ್ಟುಕೊಂಡು ನೀಲಿಮಾರ ಕೋಣೆಗೆ ಹೋದಳು. "ಮ್ಯಾಡಮ್, ಶುಕ್ರವಾರ ರಕ್ತ ಕೊಟ್ಟವರು ಬಸುರಿಯೇ ಅಲ್ಲ."

ನೀಲಿಮಾ ಕನ್ನಡಕ ಏರಿಸಿ ನೋಡಿದರು. "ತೆಳುವಾಗಿಸಿ ನೋಡಿದೆಯಾ?"

"ನೋಡಿದೆ."

"ಇದು ನಮ್ಮ ಪರೀಕ್ಷಾ ವಿಧಾನದಲ್ಲಿ ಇಲ್ಲ."

"ಬೇರೆಯವರ ರಕ್ತಕ್ಕೆ ಈಕೆಯ ಹೊಟ್ಟೆ ಕೊಯ್ಯುವುದೂ ನಮ್ಮ ವಿಧಾನದಲ್ಲಿ ಇಲ್ಲ, ಮ್ಯಾಡಮ್. ಶನಿವಾರ ಬೆಳಿಗ್ಗೆ ಗರ್ಭ ತೆಗೆಸಲು ಹೋಗಬೇಕೆಂದಿದ್ದಾರೆ."

ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಹೊರಗೆ ವಿಕ್ರಮ ಟೈಪು ಮಾಡುವುದನ್ನು ನಿಲ್ಲಿಸಿದ. ನೀಲಿಮಾ ಮೂರು ಕಾರ್ಡುಗಳನ್ನೂ ಸಾಲಾಗಿ ಜೋಡಿಸಿಟ್ಟು, "ಹಾಗಾದರೆ ಝೀಕಾ ಬಂದವರು ಒಬ್ಬರು ಭೋಸರಿಯಲ್ಲಿ ಇದ್ದಾರೆ, ಅವರು ಯಾರೆಂದು ನಮಗೆ ಗೊತ್ತಿಲ್ಲ" ಎಂದರು. "ನಾಳೆ ನೀನೇ ಹೋಗು. ಅವರ ಭಾಷೆ ನಿನಗೆ ಬರುತ್ತದೆ. ರಕ್ತ ತೆಗೆದವರನ್ನೂ ಕರೆದುಕೊಂಡು ಹೋಗು. ಪತ್ರ ನಾನು ಬರೆದುಕೊಡುತ್ತೇನೆ."

ರಕ್ತ ತೆಗೆದವಳ ಹೆಸರು ಇಂದೂ. ಶುಕ್ರವಾರ ಹನ್ನೊಂದು ಗಂಟೆಗೆ ಭೋಸರಿಯ ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಐಸ್ ಡಬ್ಬಿ ಹಿಡಿದು ಕಾಯುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣು, ಕಾಲಲ್ಲಿ ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿ. ಬೈಸಿಕೊಳ್ಳಲು ತಯಾರಾಗಿಯೇ ಬಂದವಳಂತೆ ಮುಖ ಬಿಗಿದುಕೊಂಡಿದ್ದಳು.

"ಆ ಮನೆಯಲ್ಲಿ ನೀವೇ ತೆಗೆದದ್ದಾ?" ಮರಾಠಿಯಲ್ಲಿ ಕೇಳಿದಳು ಸುಮಂಗಲಾ.

"ನಾನೇ. ಅವತ್ತು ನಲವತ್ತು ಮನೆ ಇತ್ತು. ಮಳೆ ಬೇರೆ, ಕರೆಂಟು ಇರಲಿಲ್ಲ. ಬಾಗಿಲಲ್ಲಿ ನಿಂತು ಶೀತಲ ಬಾಬು ಅಂತ ಕೂಗಿದೆ. ಒಳಗಿಂದ ಕೈ ಚಾಚಿದರು, ಬಳೆ ಇತ್ತು. ತೆಗೆದುಕೊಂಡೆ."

"ಮುಖ ನೋಡಲಿಲ್ಲವೇ?"

"ನಾನು ನರ ನೋಡುತ್ತಿದ್ದೆ" ಎಂದಳು ಇಂದೂ.

ಸುಮಂಗಲಾಳಿಗೆ ಬೈಯಲು ಬೇಕಾದಷ್ಟಿತ್ತು. ಆದರೆ ನಲವತ್ತು ಮನೆಗೆ ಒಬ್ಬಳನ್ನೇ ಕಳಿಸಿದವರು ಎದುರಿಗೆ ಇರಲಿಲ್ಲ. ಇವಳಿಗೆ ಬೈದರೆ ತನ್ನ ಬಾಯಿಯೇ ನೋಯುತ್ತದೆ.

ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ತಗಡು ಹೊದಿಸಿದ ಖೋಲಿಗಳ ಸಾಲು. ಪ್ರತಿ ಬಾಗಿಲಿಗೂ ಒಂದೊಂದು ನೀಲಿ ಡ್ರಮ್ಮು, ಮೂರಕ್ಕೆ ಒಂದರಂತೆ ಮುಚ್ಚಳ. ಸುಮಂಗಲಾಳ ಅಪ್ಪನೂ ಕನ್ನಡ ಸೀಮೆಯಿಂದ ದುಡಿಯಲು ಬಂದು, ಇಂಥದ್ದೇ ಖೋಲಿಯಿಂದ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವಳು ಹುಟ್ಟಿದ್ದೂ ಇಂಥದ್ದರಲ್ಲೇ. ಅದಕ್ಕೇ ಇರಬೇಕು, ತೆರೆದ ಡ್ರಮ್ಮು ಕಂಡರೆ ಅವಳಿಗೆ ಪರರ ಮನೆಯದೆಂಬ ಸಂಕೋಚ ಹುಟ್ಟುತ್ತಿರಲಿಲ್ಲ. ದಾರಿಯಲ್ಲಿ ಎರಡು ಡ್ರಮ್ಮಿನೊಳಗೆ ಬಗ್ಗಿ ನೋಡಿ, ಸೊಳ್ಳೆಯ ಮರಿಹುಳ ಕಂಡು, ಬಾಗಿಲು ತಟ್ಟಿ, ನೀರು ಸುರಿಸಿಯೇ ಮುಂದೆ ಹೋದಳು.

ಬಾಬು ಅರ್ಧ ದಿನದ ರಜೆ ಹಾಕಿ ಕಾಯುತ್ತಿದ್ದ. ಇಪ್ಪತ್ತೇಳರ ಹುಡುಗ, ಉಗುರುಗಳಲ್ಲಿ ಮಷೀನಿನ ಎಣ್ಣೆ ಕೂತಿತ್ತು. ಒಳಗೆ ಶೀತಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇವರು ಬಂದದ್ದು ತಿಳಿದರೂ ಹೊರಳಲಿಲ್ಲ. ಮೂಲೆಯಲ್ಲಿ ಬಟ್ಟೆ ತುಂಬಿದ ಚೀಲವೊಂದು ಬಾಯಿ ಕಟ್ಟಿಸಿಕೊಂಡು ಕೂತಿತ್ತು, ಆಸ್ಪತ್ರೆಗೆಂದು. ಬಾಗಿಲ ಬಳಿ ಬಾಬುವಿನ ತಾಯಿ ಸಕ್ಕುಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮೊಣಕೈತನಕ ಹಸಿರು ಬಳೆ. ಆಗಾಗ ಮೊರ ನಿಲ್ಲಿಸಿ ಮುಂಗೈ ಕೆರೆದುಕೊಳ್ಳುತ್ತಿದ್ದಳು.

ಸುಮಂಗಲಾ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಯವ್ವಾ, ಹೋದ ಶುಕ್ರವಾರ ಈ ನರ್ಸಬಾಯಿ ರಗತ ತಗೊಳ್ಳಾಕ ಬಂದಿದ್ರಲ್ಲ, ಯಾರ ಕೈಯಿಂದ ತಗೊಂಡ್ರು?"

"ನಮ್ಮ ಮನೀದು ತಗೊಂಡ್ರು."

"ಮನೀದು ಅಂದ್ರ ಯಾರದು?"

ಸಕ್ಕುಬಾಯಿ ಮಗನ ಮುಖ ನೋಡಿದಳು, ಇಂದೂಳ ಮುಖ ನೋಡಿದಳು. ಆಮೇಲೆ ಇದರಲ್ಲಿ ಮುಚ್ಚುವುದೇನಿದೆ ಎಂಬಂತೆ, "ನಂದು" ಎಂದಳು.

"ಅವ್ವಾ!" ಬಾಬು ಎದ್ದು ನಿಂತ.

"ಯಾಕ, ಏನಾತು? ದವಾಖಾನ್ಯಾಗ ಆಕಿಗಿ ರಗತ ಕಡಿಮಿ ಅದ ಅಂದಾರ. ಕೆಂಪನ್ನ ಗುಳಗಿ ಕೊಟ್ಟಾರ. ಇದ್ದದ್ದ ಇಷ್ಟು, ಅದನ್ನೂ ಸೂಜಿ ಹಚ್ಚಿ ಎಳಕೊಂಡು ಹೋದ್ರ ಕೂಸಿಗಿ ಏನು ಉಳೀತದ? ಆಕಿ ಹಿಂದ ವಾಂತಿ ಮಾಡ್ಕೊಂತ ಕುಂತಿದ್ಲು. ನಾ ನನ್ನ ತೋಳು ಕೊಟ್ಟಿನಿ. ಒಂದ ಮನ್ಯಾಗಿನ ರಗತ, ಯಾರದಾದ್ರ ಏನು? ಅವರಿಗೆ ಸೀಸೆ ತುಂಬಿದ್ರ ಆತಿಲ್ಲ?"

ಸುಮಂಗಲಾಳ ರಾತ್ರಿಯ ನಿದ್ದೆ ಕೆಡಿಸಿದ ಪ್ರಶ್ನೆಗೆ ಉತ್ತರ ಮೊರದ ಮುಂದೆ ಕೂತು ಕೈ ಕೆರೆದುಕೊಳ್ಳುತ್ತಿತ್ತು. ರೇಗಬೇಕೆನಿಸಿತು, ಆದರೆ ಯಾವುದಕ್ಕೆ ರೇಗುವುದು? ಆ ತೋಳು ಚಾಚಿದ್ದು ಸೊಸೆಯ ಮೇಲಿನ ಜೀವದಿಂದ. ಅದೇ ತೋಳು ನಾಳೆ ಬೆಳಿಗ್ಗೆ ಸೊಸೆಯನ್ನು ಆಪರೇಷನ್ ಟೇಬಲ್ಲಿಗೆ ಏರಿಸುತ್ತಿತ್ತು.

"ಬಾಬುಗ ಯಾಕ ಹೇಳಿಲ್ಲ? ಇಷ್ಟು ದಿನ ಮನ್ಯಾಗ ಇಷ್ಟು ರಾಮಾಯಣ ನಡದದ!"

"ಕಾಗದದಾಗ ಆಕಿ ಹೆಸರ ಇತ್ತು, ಮತ್ತ ಬುಧವಾರ ಆಕೀದ ತಗೊಂಡ್ರಲ್ಲ. ಆಕಿಗೇ ಬಂದದ ಅನಕೊಂಡೆ. ನಂದು ಎಲ್ಲಿ ಲೆಕ್ಕಕ್ಕ ಹಿಡೀತಾರ?"

"ನಿಮಗ ಮೈ ಕೆರೀತದಲ್ಲ, ಯಾವಾಗಿಂದ?"

"ಎಂಟು ದಿನ ಆತು. ಬದನಿಕಾಯಿ ತಿಂದಿದ್ದೆ. ಒಂದೆರಡು ದಿನ ಕಣ್ಣು ಕೆಂಪಾಗಿದ್ವು, ಕೀಲೆಲ್ಲ ಹಿಡದಿದ್ವು. ಈಗ ಆರಾಮ ಅದ."

ಇಂದೂಳಿಗೆ ಕನ್ನಡ ಬಾರದಿದ್ದರೂ ವಿಷಯ ಅರ್ಥವಾಗಿತ್ತು. ಅವಳು ಡಬ್ಬಿ ತೆರೆದು, ಕೈಗವಸು ಹಾಕಿಕೊಂಡು, ಸಕ್ಕುಬಾಯಿಯ ಎದುರು ಮಂಡಿಯೂರಿ ಕೂತಳು. ಈ ಸಲ ಹೆಸರು ಕೇಳಿದಳು, ವಯಸ್ಸು ಕೇಳಿದಳು, ಆಧಾರ್ ಕಾರ್ಡು ತರಿಸಿ ಫೋಟೋವನ್ನೂ ಮುಖವನ್ನೂ ಎರಡೆರಡು ಸಲ ನೋಡಿದಳು. ಜ್ವರದ ದಿನಾಂಕದ ಜಾಗದಲ್ಲಿ ಸುಮಂಗಲಾಳ ಎದುರೇ ದಿನಾಂಕ ಬರೆದಳು.

ಶೀತಲ ಆಗ ಎದ್ದು ಕೂತಿದ್ದಳು. ಕಣ್ಣು ಊದಿಕೊಂಡಿದ್ದವು. "ಅಕ್ಕಾ, ನಾ ದವಾಖಾನ್ಯಾಗ ಮೊದಲ ಕೊಟ್ಟ ರಗತದ ರಿಪೋರ್ಟ್ ಅನಕೊಂಡಿದ್ದೆ. ಹಂಗಾದ್ರ ನನಗ ಇಲ್ಲೇನ್ರಿ?" ಎಂದಳು.

ಇಲ್ಲ ಎಂದುಬಿಡಬೇಕೆಂದು ಸುಮಂಗಲಾಳ ನಾಲಿಗೆಯ ತುದಿಗೆ ಬಂತು. ಆದರೆ ಅದು ಅಷ್ಟು ಸುಲಭವಾಗಿರಲಿಲ್ಲ.

"ಬುಧವಾರದ ರಗತದಾಗ ಇಲ್ಲ, ಮೂತ್ರದಾಗೂ ಇಲ್ಲ. ಕಾಗದ ತಂದೀನಿ, ನಿನ್ನ ಕೈಗೇ ಕೊಡ್ತೀನಿ. ಆದ್ರ ನಿಮ್ಮತ್ತೀಗಿ ಬಂದದ, ಒಂದ ಖೋಲ್ಯಾಗ ಇದ್ದೀರಿ. ಅವರಿಗೆ ಕಡದ ಸೊಳ್ಳಿ ನಿನಗೂ ಕಡೀಬಹುದು. ಹಗಲಿನಾಗ ಕಡೀತದ ಅದು. ಪರದಿ ಕಟ್ಟಿಕೊಂಡು ಮಲಗು, ತುಂಬು ತೋಳಿನ ಅಂಗಿ ಹಾಕೋ, ಆ ಡ್ರಮ್ಮಿಗಿ ಮುಚ್ಚಳ ಹಾಕ್ರಿ. ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡ್ಸೋಣು, ಎರಡು ವಾರಕ್ಕೊಮ್ಮೆ ರಗತ ನೋಡೋಣು. ಏನರ ಇದ್ರ ನಾನ ಹೇಳ್ತೀನಿ. ಓಣಿಯವರು ಹೇಳಿದ್ದು ಕೇಳಬ್ಯಾಡ."

"ನಾಳೆ ಹೋಗೂದು?"

"ನಾಳೆ ಎಲ್ಲಿಗೂ ಹೋಗೂದಿಲ್ಲ" ಎಂದ ಬಾಬು. ಮೂಲೆಯಲ್ಲಿದ್ದ ಚೀಲದ ಬಾಯಿ ಬಿಚ್ಚಲು ಹೋದ. ಗಂಟು ಬಿಗಿಯಾಗಿತ್ತು, ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದ. ಸಕ್ಕುಬಾಯಿ ಮೊರ ಬದಿಗಿಟ್ಟಳು. ತಾನು ಮಾಡಿದ್ದು ಏನಾಗುತ್ತಿತ್ತು ಎಂಬುದು ಆಗಷ್ಟೇ ಅವಳ ತಲೆಗೆ ಇಳಿಯುತ್ತಿತ್ತು. ಸೊಸೆಯ ಹತ್ತಿರ ಹೋಗಿ ಅವಳ ಪಾದ ಹಿಡಿದುಕೊಂಡು ಕೂತಳು. ಶೀತಲ, "ಅತ್ತಿ, ಬಿಡ್ರಿ, ಹಂಗ ಮಾಡಬ್ಯಾಡ್ರಿ" ಎಂದು ಎಳೆದುಕೊಂಡರೂ ಬಿಡಲಿಲ್ಲ.

ಶನಿವಾರ ಸಕ್ಕುಬಾಯಿಯ ವರದಿ ಬಂತು. ಮೂತ್ರದಲ್ಲಿ ಝೀಕಾ ಸಿಕ್ಕಿತು, ರಕ್ತದಲ್ಲಿ ಪ್ರತಿಕಾಯಗಳೂ ಸಿಕ್ಕವು. ಇನ್ನು ಶೀತಲಳ ಹೆಸರು ತೆಗೆಸುವುದೊಂದು ಉಳಿದಿತ್ತು. ಅಸಲಿ ಕೆಲಸ ಶುರುವಾದದ್ದೇ ಆಗ.

"ಹೋತ ನಾಹಿ" ಎಂದ ವಿಕ್ರಮ. ಆಗುವುದಿಲ್ಲ. "ಒಮ್ಮೆ ಪಾಸಿಟಿವ್ ಒತ್ತಿದ ಮೇಲೆ ತೆಗೆಯುವ ಬಟನ್ ಇಲ್ಲ."

"ತಪ್ಪಾಗಿದ್ದರೆ?"

"ತಿದ್ದುಪಡಿಗೆ ಕಾರಣ ಆರಿಸಬೇಕು. ಮೂರೇ ಕಾರಣ ಇವೆ. ಹೆಸರಿನ ಕಾಗುಣಿತ ತಪ್ಪು. ವಯಸ್ಸು ತಪ್ಪು. ಎರಡು ಸಲ ನಮೂದು."

"ಬೇರೆಯವರ ರಕ್ತ ಅಂತ ಇಲ್ಲವೇ?"

"ಇಲ್ಲ."

ನೀಲಿಮಾ ಬಂದು ನಿಂತರು. ಕಾಗುಣಿತ ತಪ್ಪು ಎಂದು ಆರಿಸಿ, ಶೀತಲ ಎಂಬುದನ್ನು ಸಕ್ಕುಬಾಯಿ ಎಂದು ತಿದ್ದಿದರು. ಪೋರ್ಟಲ್ಲು ಒಪ್ಪಿತು. ವಯಸ್ಸನ್ನು ಐವತ್ತೆರಡು ಎಂದು ತಿದ್ದಿದರು. ಒಪ್ಪಿತು. ಕಳಿಸು ಎಂದು ಒತ್ತಿದಾಗ ಕೆಂಪು ಅಕ್ಷರ ಬಂತು: ಐವತ್ತೆರಡು ವರ್ಷದವರು ಗರ್ಭಿಣಿಯಾಗಿರಲು ಸಾಧ್ಯವಿಲ್ಲ, ವಯಸ್ಸು ಪರಿಶೀಲಿಸಿ. ಗರ್ಭಿಣಿ ಎಂಬುದನ್ನು ತೆಗೆಯಲು ಹೋದರೆ, ಈ ಮಾದರಿ ಗರ್ಭಿಣಿಯರ ತಪಾಸಣೆಯದು, ತೆಗೆಯಲಾಗದು ಎಂದಿತು.

"ಈ ದರಿದ್ರ ಪೆಟ್ಟಿಗೆಗೆ ಗೊತ್ತಾಗುತ್ತದೆ, ಐವತ್ತೆರಡಕ್ಕೆ ಬಸುರಾಗುವುದಿಲ್ಲ ಅಂತ!" ಎಂದು ಸುಮಂಗಲಾ ಮೇಜು ಗುದ್ದಿದಳು. "ನಮಗೆ ಗೊತ್ತಾಗಲು ಮೂರು ಕಾರ್ಡು ಬೇಕಾಯಿತು!"

ವಿಕ್ರಮ ನಕ್ಕುಬಿಟ್ಟ. ನೀಲಿಮಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ಸುಮಂಗಲಾ ಮಾತ್ರ ನಗಲಿಲ್ಲ. ಬೆಳಿಗ್ಗೆಯಿಂದ ನಾಲ್ಕು ಕಚೇರಿಗೆ ಫೋನು ಮಾಡಿ, ನಾಲ್ಕು ಕಡೆಯೂ ಸೋಮವಾರ ನೋಡೋಣ ಎಂಬ ಮಾತು ಕೇಳಿ ಅವಳ ಕಿವಿ ಬಿಸಿಯಾಗಿತ್ತು.

ಕೊನೆಗೆ ನೀಲಿಮಾ ಪೋರ್ಟಲ್ಲಿನ ಗೊಡವೆ ಬಿಟ್ಟು ಪ್ರಯೋಗಾಲಯದ ಕಾಗದದ ಮೇಲೆ ಕೈಬರಹದಲ್ಲೇ ಬರೆದರು. ಮೊದಲ ಮಾದರಿ ಶೀತಲ ಬಾಬು ಅವರದಲ್ಲ ಎಂದು ಸಾಬೀತಾಗಿದೆ. ಅವರ ಸ್ವಂತ ಮಾದರಿಗಳಲ್ಲಿ ಝೀಕಾ ಕಂಡುಬಂದಿಲ್ಲ. ಗರ್ಭ ತೆಗೆಸಲು ಈ ವರದಿಯನ್ನು ಆಧಾರವಾಗಿ ಬಳಸಬಾರದು. ಸಹಿ ಹಾಕಿ, ಮೊಹರು ಒತ್ತಿದರು. ಅದರ ಕೆಳಗೆ ಸುಮಂಗಲಾ ಅದೇ ಮಾತನ್ನು ಕನ್ನಡದಲ್ಲಿ ಬರೆದಳು. ಸೋಮವಾರ ಬಾಬು ಬಂದು ಕಾಗದ ತೆಗೆದುಕೊಂಡು, ನಿಂತಲ್ಲೇ ಎರಡು ಸಲ ಓದಿ, ಮಡಿಚಿ, ಫೋನಿನ ಕವರಿನೊಳಗೆ ಇಟ್ಟುಕೊಂಡ.

ಪೋರ್ಟಲ್ಲಿನಲ್ಲಿ ಶೀತಲ ಮತ್ತೆ ಏಳು ವಾರ ಪಾಸಿಟಿವ್ ಆಗಿಯೇ ಇದ್ದಳು. ಪ್ರತಿ ಗುರುವಾರ ಯಾವುದೋ ಕಚೇರಿಯಿಂದ ಯಾರೋ ಅವಳ ಆರೋಗ್ಯ ವಿಚಾರಿಸಿ ಫೋನು ಮಾಡುತ್ತಿದ್ದರು, ಪ್ರತಿ ಗುರುವಾರ ಬಾಬು ಮೊದಲಿನಿಂದ ಕಥೆ ಹೇಳುತ್ತಿದ್ದ. ಸಕ್ಕುಬಾಯಿಗೆ ಒಬ್ಬರೂ ಫೋನು ಮಾಡಲಿಲ್ಲ. ಅವಳು ಮಾತ್ರ ಓಣಿಯ ನಳದ ಹತ್ತಿರ ಕೊಡ ಇಟ್ಟು ನಿಂತು, "ಬ್ಯಾನಿ ನನಗ ಬಂದದ, ನನ್ನ ಸೊಸಿಗಲ್ಲ. ಬರ್ರಿ, ಏನ್ ಕೇಳ್ತೀರಿ ನನಗ ಕೇಳ್ರಿ" ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿದಳಂತೆ. ಅಂದಿನಿಂದ ಯಾರೂ ಕೊಡ ಸರಿಸಲಿಲ್ಲ ಎಂದು ಬಾಬು ಹೇಳಿದ.

ಶೀತಲಳ ರಕ್ತ ಎರಡು ವಾರಕ್ಕೊಮ್ಮೆ ಶಿವಾಜಿನಗರಕ್ಕೆ ಬರುತ್ತಿತ್ತು. ಸುಮಂಗಲಾ ಅದನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಪ್ರತಿ ಸಲ ಗೆರೆ ಏಳುತ್ತದೋ ಎಂದು ನಲವತ್ತನೆಯ ಸುತ್ತಿನವರೆಗೂ ಪರದೆಯ ಮುಂದೆ ನಿಲ್ಲುತ್ತಿದ್ದಳು. ಗೆರೆ ಏಳಲಿಲ್ಲ. ನಿಂತದ್ದಕ್ಕೆ ಬೆನ್ನು ನೋಯುತ್ತಿತ್ತು, ಹಾಗೆ ನಿಲ್ಲುವುದರಿಂದ ಫಲಿತಾಂಶ ಬದಲಾಗುವುದಿಲ್ಲವೆಂದೂ ಗೊತ್ತಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ, ಕೈಯಲ್ಲಿ ಪಿಪೆಟ್ಟು ಹಿಡಿದು ನಾಲ್ಕನೆಯ ಸಾಲು ತುಂಬುತ್ತಿರುವಾಗ ಮೇಜಿನ ಫೋನು ಬಡಿದುಕೊಂಡಿತು. ವಿಕ್ರಮ ಎತ್ತಿ, ಅವಳ ಕಿವಿಗೆ ಹಿಡಿದ.

"ಅಕ್ಕಾರ, ನಾ ಬಾಬು ಮಾತಾಡ್ತೀನ್ರಿ."

"ಎಂಥಾ ಹೊತ್ನಾಗ ಮಾಡ್ತೀಯೋ ಮಾರಾಯ, ಕೈಯಾಗ ಕೆಲಸ ಅದ. ಲಗೂ ಹೇಳು."

"ಹೆಣ್ಣು ಹುಟ್ಯಾಳ್ರಿ. ಮುಂಜಾನಿ. ಎರಡು ಕಿಲೋ ಒಂಬೈನೂರು."

ಸುಮಂಗಲಾ ಪಿಪೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. "ತಲಿ ಅಳದಾರೇನು?"

"ಅಳದಾರ್ರಿ. ಬರಕೊಂಡೀನಿ, ನೀವು ಕೇಳ್ತೀರಿ ಅಂತ ಗೊತ್ತಿತ್ತು. ಮೂವತ್ನಾಕು ಸೆಂಟಿಮೀಟರ. ಸರಿ ಅದ ಅಂದ್ರು ಡಾಕ್ಟರ್. ಸರಿ ಅದಲ್ರಿ?"

"ಸರಿ ಅದ" ಎಂದಳು ಅವಳು. "ಶೀತಲಗ ಬಿಸಿ ನೀರು ಕುಡೀಲಿಕ್ಕ ಕೊಡ್ರಿ. ಸಂಜೀಕ ನಾ ಮಾಡ್ತೀನಿ, ಈಗ ಇಡು."

ವಿಕ್ರಮ ಫೋನು ಇಟ್ಟ. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸುಮಂಗಲಾ ಅಲ್ಲಿಂದಲೇ ಮರಾಠಿಯಲ್ಲಿ, "ಮ್ಯಾಡಮ್, ಮೂವತ್ತನಾಲ್ಕು" ಎಂದು ಕೂಗಿದಳು. ಏನು ಮೂವತ್ತನಾಲ್ಕು ಎಂದು ನೀಲಿಮಾ ಕೇಳಲಿಲ್ಲ. "ಛಾನ್!" ಚೆಂದವಾಯಿತು ಎಂದು ಅಲ್ಲಿಂದ ದನಿ ಬಂತು. ಸುಮಂಗಲಾ ಹೊಸ ಕೈಗವಸು ಎಳೆದುಕೊಂಡು, ಎಲ್ಲಿಗೆ ಬಿಟ್ಟಿದ್ದೆ ಎಂದು ಗೊಣಗುತ್ತ ನಾಲ್ಕನೆಯ ಸಾಲನ್ನು ಮೊದಲಿನಿಂದ ನೋಡತೊಡಗಿದಳು.